ಕಫವೆಂದು ಕರೆದ ಜೊಲ್ಲು: ವಿಕಿರಣ ಚಿಕಿತ್ಸೆಯ ನಂತರ ಗಟ್ಟಿಯಾದ ಲಾಲಾರಸದ ಒಂದು ಪ್ರಕರಣ

ಹಿನ್ನೆಲೆ

ಇಲ್ಲಿ ಹೇಳುತ್ತಿರುವ ರೋಗಿ ಮಲೆನಾಡಿನ ಒಬ್ಬ ಅಡಿಕೆ ಬೆಳೆಗಾರರು. ಆಗ ಅವರಿಗೆ 60 ದಾಟಿತ್ತು. ಗುರುತು ಸಿಗಬಾರದೆಂಬ ಕಾರಣಕ್ಕೆ ಊರು, ಮನೆಯವರ ಕೆಲವು ವಿವರಗಳು ಮತ್ತು ಕಾಲವನ್ನು ಬದಲಿಸಿದ್ದೇನೆ. ಚಿಕಿತ್ಸೆಯ ಕ್ರಮವನ್ನೂ ನಾವು ತೆಗೆದುಕೊಂಡ ನಿರ್ಧಾರಗಳನ್ನೂ, ತಪ್ಪಿದ ನಿರ್ಧಾರಗಳನ್ನು ಸೇರಿಸಿಯೇ, ನಡೆದ ಹಾಗೆ ಬರೆದಿದ್ದೇನೆ. ನಾನು ಜಿಲ್ಲಾ ಕೇಂದ್ರವೊಂದರಲ್ಲಿ ಬಾಯಿಯ ರೋಗಗಳನ್ನು ನೋಡುವ ದಂತವೈದ್ಯ ವೃತ್ತಿಯಲ್ಲಿದ್ದೇನೆ.

ಹರೆಯದಿಂದಲೂ ಎಲೆಅಡಿಕೆಯ ಜೊತೆಗೆ ಹೊಗೆಸೊಪ್ಪು ಹಾಕುವ ಅಭ್ಯಾಸ ಅವರಿಗಿತ್ತು, ಬೀಡಿಯೂ ಇತ್ತು. ನುಂಗುವಾಗ ಕಿವಿಯವರೆಗೆ ಚುಚ್ಚುವ ನೋವು ಎರಡು ತಿಂಗಳಾದರೂ ಹೋಗದಿದ್ದಾಗ ಪರೀಕ್ಷೆ ಮಾಡಿಸಿದರು. ನಾಲಿಗೆಯ ಬುಡದಲ್ಲಿ ಕ್ಯಾನ್ಸರ್ ಇರುವುದು ಖಚಿತವಾಯಿತು. ದೊಡ್ಡ ಆಸ್ಪತ್ರೆಯಲ್ಲಿ 7 ವಾರಗಳ ವಿಕಿರಣ ಚಿಕಿತ್ಸೆ ನಿಗದಿಯಾಯಿತು: ವಾರಕ್ಕೆ 5 ದಿನದಂತೆ, ದಿನಕ್ಕೆ 2 ಗ್ರೇ (ದೇಹ ಹೀರಿಕೊಳ್ಳುವ ವಿಕಿರಣವನ್ನು ಅಳೆಯುವ ಮಾನ) ಪ್ರಮಾಣದಲ್ಲಿ, ಒಟ್ಟು 35 ಸಲ 70 ಗ್ರೇ, ಜೊತೆಗೆ ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಎಂಬ ಕ್ಯಾನ್ಸರ್ ಔಷಧಿ. ನಮ್ಮ ಕಡೆ ಜನ ವಿಕಿರಣ ಚಿಕಿತ್ಸೆಯನ್ನು ‘ಕರೆಂಟು ಕೊಡುವುದು’ ಎನ್ನುತ್ತಾರೆ. ವಿಕಿರಣ ತಗುಲಿದ ದವಡೆಯ ಮೂಳೆ ಮುಂದೆ ಸುಲಭವಾಗಿ ಮಾಯುವುದಿಲ್ಲವಾದ್ದರಿಂದ, ಉಳಿಸಿಕೊಳ್ಳಲಾಗದ ಹಲ್ಲುಗಳನ್ನು ಮೊದಲೇ ಕಿತ್ತು ಗಾಯ ಮಾಯಲು ಸಮಯ ಕೊಡಬೇಕು. ಆ ಕೆಲಸಕ್ಕಾಗಿಯೇ ಅವರು ಮೊದಲ ಸಲ ನನ್ನ ಬಳಿ ಬಂದದ್ದು.

ಅಂದು ನಾಲ್ಕು ಹಲ್ಲು ಕಿತ್ತೆ. ಬಾಯಲ್ಲಿ ಹುಣ್ಣಾಗುತ್ತದೆ, ರುಚಿ ಹೋಗುತ್ತದೆ, ಬಾಯಿ ಒಣಗುತ್ತದೆ ಎಂದು ಹೇಳಿ ಕಳುಹಿಸಿದೆ. ಬಾಯಿ ಒಣಗುವುದಕ್ಕೆ ಮೊದಲು ಜೊಲ್ಲು ಗಟ್ಟಿಯಾಗಿ, ಅಂಟಾಗಿ, ನೂಲಿನಂತೆ ಎಳೆಎಳೆಯಾಗಿ ಗಂಟಲಲ್ಲಿ ನಿಲ್ಲುವ ಒಂದು ಕಾಲ ಬರುತ್ತದೆ ಎಂದು ಹೇಳಲಿಲ್ಲ. ಮುಂದಿನ ತೊಂದರೆಯ ದೊಡ್ಡ ಪಾಲು ಈ ಒಂದು ಮಾತು ಬಿಟ್ಟುಹೋದದ್ದರಿಂದ ಬಂತು ಎಂದೇ ಈಗಲೂ ನಂಬಿದ್ದೇನೆ.

ಸಮಸ್ಯೆ

ಚಿಕಿತ್ಸೆಯ ಮೂರನೆಯ ವಾರದಲ್ಲಿ ಜೊಲ್ಲಿನ ಗುಣ ಬದಲಾಗತೊಡಗಿತು. ಐದನೆಯ ವಾರದ ಹೊತ್ತಿಗೆ ಅವರು ಕೈಯಲ್ಲಿ ಸದಾ ಒಂದು ಡಬ್ಬಿ ಹಿಡಿದುಕೊಂಡೇ ಕೂರುತ್ತಿದ್ದರು. ಉಗುಳಿದರೆ ತುಟಿಯಿಂದ ಡಬ್ಬಿಯವರೆಗೆ ಎಳೆ ಜೋತುಬೀಳುತ್ತಿತ್ತು, ಬೆರಳಿನಿಂದ ಎಳೆದರೂ ತುಂಡಾಗುತ್ತಿರಲಿಲ್ಲ. ರಾತ್ರಿ ಮಲಗಿದರೆ ಅದು ಗಂಟಲ ಹಿಂಭಾಗಕ್ಕೆ ಇಳಿದು ಉಸಿರು ಕಟ್ಟಿದಂತಾಗಿ, ಎದ್ದು ಕೂತು ಓಕರಿಸಿ, ಒಮ್ಮೊಮ್ಮೆ ಕಷ್ಟಪಟ್ಟು ಕುಡಿದಿದ್ದ ಗಂಜಿಯನ್ನೂ ವಾಂತಿ ಮಾಡಿಕೊಳ್ಳುತ್ತಿದ್ದರು. ಚಿಕಿತ್ಸೆ ಮುಗಿಸಿ ಊರಿಗೆ ಬಂದ ಎರಡನೆಯ ವಾರ ಅವರ ಸೊಸೆ ನನಗೆ ಫೋನ್ ಮಾಡಿ, “ಡಾಕ್ಟ್ರೇ, ನಮ್ಮ ಮಾವನಿಗೆ ಕಫ ಇಳೀತಾನೇ ಇಲ್ಲ” ಎಂದರು.

ಕಫ ಎಂಬ ಈ ಪದದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ನಮ್ಮ ಮಾತಿನಲ್ಲಿ ಎದೆಯಿಂದ ಕೆಮ್ಮಿ ಬರುವುದೂ ಕಫ, ಮೂಗಿನ ಹಿಂದಿನಿಂದ ಗಂಟಲಿಗೆ ಇಳಿಯುವುದೂ ಕಫ, ಬಾಯಲ್ಲೇ ಹುಟ್ಟಿ ಗಂಟಲಲ್ಲಿ ನಿಲ್ಲುವ ಅಂಟು ಜೊಲ್ಲೂ ಕಫ. ಕಫ ಎಂದು ಹೆಸರಿಟ್ಟ ಕ್ಷಣದಲ್ಲೇ ಅದಕ್ಕೆ ಏನು ಮಾಡಬೇಕು ಎಂಬುದೂ ತೀರ್ಮಾನವಾಗಿಬಿಡುತ್ತದೆ: ಶೀತದ ಪದಾರ್ಥ ಕೊಡಬಾರದು, ಎಳನೀರು ಮಜ್ಜಿಗೆ ನಿಲ್ಲಿಸಬೇಕು, ನೀರು ಕಡಿಮೆ ಮಾಡಬೇಕು, ಮೆಡಿಕಲ್ ಅಂಗಡಿಯಿಂದ ಕೆಮ್ಮಿನ ಸಿರಪ್ ತರಬೇಕು. ಈ ಮನೆಯಲ್ಲಿ ಇವೆಲ್ಲವೂ ನಡೆದಿದ್ದವು. ಪ್ರೀತಿಯಿಂದ, ನಿದ್ದೆಗೆಟ್ಟು ಮಾಡಿದ ಆರೈಕೆ ಅದು. ಒಂದೊಂದೂ ಜೊಲ್ಲನ್ನು ಇನ್ನಷ್ಟು ಗಟ್ಟಿ ಮಾಡುವಂಥದ್ದಾಗಿತ್ತು.

ನಡೆಯುತ್ತಿದ್ದದ್ದು ಬೇರೆಯೇ. ಆರೋಗ್ಯವಂತರ ಬಾಯಲ್ಲಿ ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರಿನಷ್ಟು ಜೊಲ್ಲು ಸ್ರವಿಸುತ್ತದೆ, ಅದರ ಶೇಕಡ 99ಕ್ಕೂ ಹೆಚ್ಚು ಭಾಗ ನೀರೇ. ಕಿವಿಯ ಮುಂದಿರುವ, ಮಂಗನಬಾವು ಬಂದಾಗ ಊದಿಕೊಳ್ಳುವ ಪರೋಟಿಡ್ ಗ್ರಂಥಿ ತಿಳಿಯಾದ ನೀರಿನಂಥ ರಸವನ್ನು ಕೊಡುತ್ತದೆ; ದವಡೆಯ ಕೆಳಗಿನ ಗ್ರಂಥಿಯ ರಸ ಮಿಶ್ರವಾದದ್ದು; ನಾಲಿಗೆಯ ಅಡಿಯ ಗ್ರಂಥಿಯೂ ತುಟಿ, ಕೆನ್ನೆ, ಅಂಗುಳಗಳಲ್ಲಿ ಚದುರಿರುವ ನೂರಾರು ಪುಟ್ಟ ಗ್ರಂಥಿಗಳೂ ಹೆಚ್ಚಾಗಿ ಲೋಳೆಯನ್ನೇ ಕೊಡುತ್ತವೆ. ವಿಕಿರಣಕ್ಕೆ ಎಲ್ಲರಿಗಿಂತ ಮೊದಲು ಸೋಲುವುದು ನೀರುರಸ ತಯಾರಿಸುವ ಜೀವಕೋಶಗಳು. ಆದ್ದರಿಂದ ಲೋಳೆ ಹೆಚ್ಚಾಗದಿದ್ದರೂ ಅದನ್ನು ತೆಳ್ಳಗೆ ಮಾಡುತ್ತಿದ್ದ ನೀರು ಇಲ್ಲವಾಗುತ್ತದೆ. ಪರೋಟಿಡ್ ಗ್ರಂಥಿಗೆ ಬೀಳುವ ಸರಾಸರಿ ಪ್ರಮಾಣವನ್ನು 26 ಗ್ರೇ ಒಳಗೆ ಇಡಲು ವಿಕಿರಣ ತಜ್ಞರು ಯತ್ನಿಸುವುದು ಇದಕ್ಕಾಗಿಯೇ. ಈ ರೋಗಿಯ ಕುತ್ತಿಗೆಯ ಎರಡೂ ಬದಿಗೆ ವಿಕಿರಣ ಬೇಕಿದ್ದರಿಂದ ಒಂದು ಕಡೆಯ ಗ್ರಂಥಿಯನ್ನೂ ಪೂರ್ತಿಯಾಗಿ ಕಾಪಾಡಲು ಆಗಿರಲಿಲ್ಲ. ಇದರ ಮೇಲೆ ಹುಣ್ಣಿನ ನೋವು ಸೇರಿ ಅವರು ನುಂಗುವುದನ್ನೇ ನಿಲ್ಲಿಸಿದ್ದರು. ನಾವು ಅರಿವಿಲ್ಲದೆ ದಿನವಿಡೀ ನುಂಗುತ್ತಲೇ ಇರುವ ಜೊಲ್ಲು ಅವರ ಬಾಯಲ್ಲಿ ತಂಗಿ, ಉಸಿರಾಟಕ್ಕೆ ಒಣಗಿ, ಇನ್ನೂ ಗಟ್ಟಿಯಾಗುತ್ತಿತ್ತು.

ಮೊದಲ ಭೇಟಿ, ಮತ್ತು ಅಲ್ಲಿ ತಪ್ಪಿದ್ದು

ಮೊದಲ ಭೇಟಿಯಲ್ಲಿ ನಾನು ಬಾಯಿ ನೋಡಿದೆ, ಹುಣ್ಣುಗಳು ಮಾಯುತ್ತಿರುವುದನ್ನು ಗಮನಿಸಿದೆ, ಚೆನ್ನಾಗಿ ನೀರು ಕುಡಿಯಿರಿ ಎಂದೆ, ಉಪ್ಪು ಮತ್ತು ಅಡುಗೆ ಸೋಡಾ ಹಾಕಿದ ನೀರಿನಲ್ಲಿ ಬಾಯಿ ಮುಕ್ಕಳಿಸಲು ಹೇಳಿದೆ. ಸಲಹೆ ಸರಿಯಾಗಿಯೇ ಇತ್ತು. ಹತ್ತು ದಿನ ಕಳೆದರೂ ಏನೂ ಬದಲಾಗಲಿಲ್ಲ, ತೂಕ ಮಾತ್ರ ಇಳಿಯಿತು. ಚಿಕಿತ್ಸೆಗೆ ಮೊದಲು 58 ಕಿಲೋ ಇದ್ದವರು 51 ಕಿಲೋಗೆ ಬಂದಿದ್ದರು.

ಎರಡನೆಯ ಭೇಟಿಯಲ್ಲಿ, ಮನೆಯಲ್ಲಿರುವ ಎಲ್ಲ ಔಷಧಿಗಳನ್ನೂ, ಖಾಲಿ ಬಾಟಲಿಗಳನ್ನು ಸಹ, ತರಲು ಹೇಳಿದ್ದೆ. ಸೊಸೆ ಎರಡು ಪ್ಲಾಸ್ಟಿಕ್ ಕವರ್ ತುಂಬ ತಂದರು. ಅದರಲ್ಲಿ ಕ್ಲೋರ್‌ಫೆನಿರಮಿನ್ ಎಂಬ ಅಲರ್ಜಿ ಔಷಧಿ ಇರುವ ಕೆಮ್ಮಿನ ಸಿರಪ್ ಇತ್ತು, ದಿನಕ್ಕೆ ಮೂರು ಸಲ ಕೊಡುತ್ತಿದ್ದರು. ನೆಗಡಿಗೆಂದು ಬೇರೊಬ್ಬರು ಬರೆದುಕೊಟ್ಟ ಮಾತ್ರೆಯಲ್ಲೂ ಅದೇ ಔಷಧಿ ಇತ್ತು. ನಿದ್ದೆಗೂ ನರದ ನೋವಿಗೂ ಎಂದು ರಾತ್ರಿ ಕೊಡುವ ಅಮಿಟ್ರಿಪ್ಟಿಲಿನ್ ಇತ್ತು. ನೋವಿಗೆ ಮಾರ್ಫಿನ್ ಇತ್ತು. ಮದ್ಯಸಾರ ಬೆರೆತ, ಘಾಟು ವಾಸನೆಯ ಬಾಯಿ ತೊಳೆಯುವ ದ್ರಾವಣವೂ ಇತ್ತು. ಇವುಗಳಲ್ಲಿ ಮೊದಲ ಮೂರು, ಅಳಿದುಳಿದ ಗ್ರಂಥಿಗಳಿಗೆ ಜೊಲ್ಲು ಸುರಿಸು ಎಂದು ನರಗಳು ಕೊಡುವ ಸಂದೇಶವನ್ನೇ ತಡೆಯುವಂಥವು. ಮಾರ್ಫಿನ್ ಕೂಡ ಬಾಯಿ ಒಣಗಿಸುತ್ತದೆ, ಮದ್ಯಸಾರವೂ ಅಷ್ಟೆ. ಈ ಕವರುಗಳನ್ನು ನಾನು ಮೊದಲ ಭೇಟಿಯಲ್ಲೇ ಕೇಳಬೇಕಿತ್ತು. ಕೇಳದೇ ಕೊಟ್ಟ ನೀರಿನ ಸಲಹೆ ಆ ಹತ್ತು ದಿನಗಳಲ್ಲಿ ಅವರಿಗೆ ಯಾವ ಪ್ರಯೋಜನಕ್ಕೂ ಬರಲಿಲ್ಲ.

ಇದು ನಿಜವಾಗಿಯೂ ಎದೆಯ ಕಫವಲ್ಲ ಎಂದು ಖಚಿತಪಡಿಸಿಕೊಳ್ಳುವುದೂ ಬಾಕಿ ಇತ್ತು; ನುಂಗಲು ಕಷ್ಟಪಡುವ ರೋಗಿಯಲ್ಲಿ ಆಹಾರ ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗುವ ಅಪಾಯ ಸದಾ ಇರುತ್ತದೆ. ಪರಿಚಯದ ಫಿಸಿಶಿಯನ್ ಒಬ್ಬರು ಅದೇ ದಿನ ನೋಡಿದರು. ಜ್ವರವಿರಲಿಲ್ಲ, ಎದೆ ಸ್ವಚ್ಛವಾಗಿತ್ತು, ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಬರುತ್ತಿದ್ದ ದ್ರವ ಬಣ್ಣವಿಲ್ಲದ್ದು, ಕೆಮ್ಮದೆಯೂ ಬಾಯಿಗೆ ಬರುತ್ತಿತ್ತು. ಹಳದಿ ಅಥವಾ ಹಸಿರು ಬಣ್ಣ, ಜ್ವರ, ನೀರು ಕುಡಿದ ತಕ್ಷಣ ಕೆಮ್ಮು, ಏದುಸಿರು, ಇವುಗಳಲ್ಲಿ ಒಂದಿದ್ದರೂ ನಮ್ಮ ದಾರಿ ಬೇರೆಯಾಗುತ್ತಿತ್ತು.

ಲೋಟದ ಪರೀಕ್ಷೆ

ಪ್ರಕರಣ ತಿರುಗಿದ್ದು ಇಲ್ಲಿ. ತಮ್ಮ ಬಾಯಲ್ಲಿ ಜೊಲ್ಲು ವಿಪರೀತ ಹೆಚ್ಚಾಗಿದೆ ಎಂಬುದರಲ್ಲಿ ರೋಗಿಗೆ ಯಾವ ಸಂಶಯವೂ ಇರಲಿಲ್ಲ. ದಿನವಿಡೀ ಉಗುಳುವವರಿಗೆ ಬೇರೆ ಹೇಗೆ ಅನಿಸೀತು? ಹೆಚ್ಚಾಗಿರುವುದನ್ನು ಒಣಗಿಸಬೇಕು ಎಂಬ ಅವರ ತರ್ಕದಲ್ಲಿ ದೋಷವಿರಲಿಲ್ಲ, ಅದರ ಬುಡದಲ್ಲಿದ್ದ ನಂಬಿಕೆಯಲ್ಲಿತ್ತು. ಹಾಗಾಗಿ ವಾದ ಮಾಡದೆ ಅವರ ಕೈಗೆ ಒಂದು ಚಿಕ್ಕ ಪ್ಲಾಸ್ಟಿಕ್ ಲೋಟ ಕೊಟ್ಟು, ತಲೆ ತುಸು ಬಗ್ಗಿಸಿ ಸುಮ್ಮನೆ ಕುಳಿತು 5 ನಿಮಿಷದಲ್ಲಿ ಬಾಯಲ್ಲಿ ಕೂಡಿದ್ದೆಲ್ಲವನ್ನೂ ಅದಕ್ಕೆ ಬಿಡಿ ಎಂದೆ. ಜೊಲ್ಲು ಲೋಟದ ಗೋಡೆಗೆ ಅಂಟಿಕೊಳ್ಳುವುದರಿಂದ ಅಳತೆಯ ಬದಲು ತೂಕ ಹಾಕಿದೆ. ಒಂದು ಗ್ರಾಂ ಎಂದರೆ ಹೆಚ್ಚುಕಡಿಮೆ ಒಂದು ಮಿಲಿಲೀಟರ್. ಸಿಕ್ಕಿದ್ದು 0.4 ಗ್ರಾಂ, ಅಂದರೆ ನಿಮಿಷಕ್ಕೆ 0.08 ಮಿಲಿಲೀಟರ್. ಸುಮ್ಮನಿರುವಾಗ ಸಾಮಾನ್ಯರಲ್ಲಿ ನಿಮಿಷಕ್ಕೆ 0.3ರಿಂದ 0.4 ಮಿಲಿಲೀಟರ್ ಬರುತ್ತದೆ, 0.1ಕ್ಕಿಂತ ಕಡಿಮೆಯಾದರೆ ಜೊಲ್ಲಿನ ಕೊರತೆ ಎಂದೇ ಪರಿಗಣಿಸುತ್ತೇವೆ.

ಪಕ್ಕದಲ್ಲಿ ಇನ್ನೊಂದು ಲೋಟವಿಟ್ಟು, ಅದೇ 5 ನಿಮಿಷ ಅವರ ಮಗನಿಂದಲೂ ಅದನ್ನೇ ಮಾಡಿಸಿದ್ದೆ. ಎರಡೂ ಲೋಟಗಳನ್ನು ರೋಗಿ ಬಹಳ ಹೊತ್ತು ನೋಡಿದರು. ಮಾತನಾಡಲು ಕಷ್ಟವಾಗುತ್ತಿದ್ದುದರಿಂದ ಸ್ಲೇಟಿನ ಮೇಲೆ “ಇಷ್ಟೇನಾ?” ಎಂದು ಬರೆದರು. ನನ್ನ ಹತ್ತು ದಿನಗಳ ಉಪದೇಶದಿಂದ ಆಗದಿದ್ದದ್ದು ಆ ಎರಡು ಲೋಟಗಳಿಂದ ಆಯಿತು. ನೀರು ಕೊಟ್ಟರೆ ಕಫ ಹೆಚ್ಚುತ್ತದೆ ಎಂಬ ಮಾತನ್ನು ಮನೆಯವರು ಆ ದಿನದಿಂದ ಬಿಟ್ಟರು.

ಏನೇನು ಪ್ರಯತ್ನಿಸಿದೆವು

ಕೆಮ್ಮಿನ ಸಿರಪ್ಪನ್ನೂ ನೆಗಡಿ ಮಾತ್ರೆಯನ್ನೂ ಅಂದೇ ನಿಲ್ಲಿಸಿದೆವು. ಅಮಿಟ್ರಿಪ್ಟಿಲಿನ್ ವಿಷಯದಲ್ಲಿ ನಾನೊಬ್ಬನೇ ತೀರ್ಮಾನಿಸುವಂತಿರಲಿಲ್ಲ. ಅದನ್ನು ಬರೆದುಕೊಟ್ಟವರೊಂದಿಗೆ ಮಾತನಾಡಿದ ಮೇಲೆ ಹಂತಹಂತವಾಗಿ ಇಳಿಸಿ ನಿಲ್ಲಿಸಿದರು. ಮಾರ್ಫಿನ್ ಬಗ್ಗೆ ಮನೆಯವರೇ ಪ್ರಶ್ನೆ ಎತ್ತಿದರು, ಇದೂ ಒಣಗಿಸುವುದಾದರೆ ಇದನ್ನೇಕೆ ಬಿಡಬಾರದು ಎಂದು. ಬಿಡಬಾರದು ಎಂದೇ ನಿರ್ಧರಿಸಿದೆವು. ನೋವು ತಗ್ಗದೆ ಅವರು ನುಂಗುವುದಿಲ್ಲ, ನುಂಗದೆ ಗಂಟಲು ತೆರವಾಗುವುದಿಲ್ಲ. ಆ ಹಂತದಲ್ಲಿ ಒಣಗುವಿಕೆಯ ನಷ್ಟಕ್ಕಿಂತ ನೋವು ಶಮನದ ಲಾಭವೇ ದೊಡ್ಡದಾಗಿತ್ತು. ಊಟಕ್ಕೆ ಅರ್ಧ ಗಂಟೆ ಮೊದಲು ಔಷಧಿ ಬೀಳುವಂತೆ ಸಮಯ ಹೊಂದಿಸಿದ್ದು ಮಾತ್ರ ಬದಲಾವಣೆ.

ಬಾಯಿ ಮುಕ್ಕಳಿಸುವುದನ್ನು ಈ ಸಲ ಸಲಹೆಯಾಗಿ ಹೇಳಿ ಬಿಡದೆ ಮಾಡಿ ತೋರಿಸಿದೆ: ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ, ದಿನವೂ ಹೊಸದಾಗಿ. ಮನೆಯಲ್ಲಿ ಅಷ್ಟು ದಿನ ಬಳಸಿದ್ದು ಕೇಕಿಗೆ ಹಾಕುವ ಬೇಕಿಂಗ್ ಪೌಡರ್ ಎಂದು ಆಗ ತಿಳಿಯಿತು. ಅದರಲ್ಲಿ ಸೋಡಾದ ಜೊತೆ ಹುಳಿಯ ಅಂಶವೂ ಇರುವುದರಿಂದ ಅದು ಈ ಕೆಲಸಕ್ಕೆ ಸಲ್ಲದು. ಎಚ್ಚರವಿರುವಾಗ ಎರಡು ಗಂಟೆಗೊಮ್ಮೆ, ಊಟಕ್ಕೆ ಮೊದಲು, ಮಲಗುವ ಮುನ್ನ, ರಾತ್ರಿ ಎಚ್ಚರವಾದಾಗಲೆಲ್ಲ ಮುಕ್ಕಳಿಸಿ ಉಗುಳಬೇಕು, ನುಂಗಬಾರದು. ಅಂಗುಳಕ್ಕೆ ಅಂಟಿದ ಎಳೆಗಳನ್ನು ಬೆರಳು ಹಾಕಿ ಎಳೆಯುವುದನ್ನು ನಿಲ್ಲಿಸಿ, ಅದೇ ನೀರಿನಲ್ಲಿ ಅದ್ದಿದ ಮೆತ್ತನೆಯ ಬಟ್ಟೆಯಿಂದ ಮುಂದಿನ ಭಾಗವನ್ನಷ್ಟೇ ಒರೆಸಲು ಕಲಿಸಿದೆ. ಎಳೆಯ ಇನ್ನೊಂದು ತುದಿ ಗಂಟಲಲ್ಲಿ ಇರುವುದರಿಂದ ಎಳೆದಾಗಲೆಲ್ಲ ಓಕರಿಕೆ ಬರುತ್ತಿತ್ತು. ವಾಂತಿಗಳಲ್ಲಿ ಅರ್ಧದಷ್ಟು ಇದರಿಂದಲೇ ಆಗುತ್ತಿದ್ದವು.

ಕಷ್ಟವಾದದ್ದು ನೀರಿನ ವಿಷಯ. ದಿನಕ್ಕೆ ಎರಡು ಲೀಟರ್ ಕುಡಿಯಿರಿ ಎಂದು ಹೇಳುವುದು ಸುಲಭ; ಒಂದು ಗುಟುಕಿಗೆ ಕಣ್ಣಲ್ಲಿ ನೀರು ಬರುವವರಿಗೆ ಅದು ಅಸಾಧ್ಯ. ಮೂತ್ರ ಗಾಢ ಹಳದಿಯಾಗಿತ್ತು, ಸಿಸ್‌ಪ್ಲಾಟಿನ್ ಪಡೆದವರಲ್ಲಿ ನೀರಿನ ಕೊರತೆ ಮೂತ್ರಪಿಂಡಕ್ಕೂ ಅಪಾಯಕಾರಿ. ಮೂಗಿನ ಮೂಲಕ ಹೊಟ್ಟೆಗೆ ನಳಿಕೆ ಹಾಕುವ ಸಲಹೆಯನ್ನು ಆಸ್ಪತ್ರೆಯವರು ಮೊದಲೇ ಕೊಟ್ಟಿದ್ದರು, ರೋಗಿ ಒಪ್ಪಿರಲಿಲ್ಲ. ನಳಿಕೆ ಹಾಕಿದರೆ ಇನ್ನು ಉಳಿಯುವುದಿಲ್ಲ ಎಂದೇ ಅವರ ಭಾವನೆ. ನಳಿಕೆ ಗಂಟಲಿಗೆ ತಾಗಿ ಲೋಳೆಯ ಕಿರಿಕಿರಿಯನ್ನು ತುಸು ಹೆಚ್ಚಿಸಬಹುದು ಎಂಬುದನ್ನು ಮುಚ್ಚಿಡದೆ ಹೇಳಿದೆವು. ಇದು ಕೆಲವು ವಾರಗಳ ಸೇತುವೆ ಮಾತ್ರ, ಬಾಯಿಯಿಂದ ಗುಟುಕು ನೀರು ನುಂಗುವುದನ್ನು ನಿಲ್ಲಿಸುವಂತಿಲ್ಲ ಎಂದೂ ಹೇಳಿದೆವು, ಏಕೆಂದರೆ ನುಂಗುವ ಸ್ನಾಯುಗಳು ಬಳಸದೆ ಬಿಟ್ಟರೆ ಬಲ ಕಳೆದುಕೊಳ್ಳುತ್ತವೆ. ಎರಡು ದಿನ ಯೋಚಿಸಿ ಒಪ್ಪಿದರು. ಒಟ್ಟು ನಿರ್ಧಾರಗಳಲ್ಲಿ ಅತ್ಯಂತ ಹೆಚ್ಚು ಫಲ ಕೊಟ್ಟದ್ದು ಇದು. ನೀರು, ರಾಗಿ ಗಂಜಿ, ಸೋಸಿದ ಬೇಳೆಕಟ್ಟು ಅಳತೆಗೆ ತಕ್ಕಂತೆ ಒಳಗೆ ಹೋಗತೊಡಗಿದವು. ನುಂಗುವಿಕೆಯ ಅಭ್ಯಾಸಗಳನ್ನು ವಾಕ್ ಚಿಕಿತ್ಸಕರೊಬ್ಬರು ಹೇಳಿಕೊಟ್ಟರು.

ಹಾಲನ್ನು ಪೂರ್ತಿಯಾಗಿ ಬಿಡಿಸಲಿಲ್ಲ. ಹಾಲು ಲೋಳೆಯನ್ನು ಹುಟ್ಟಿಸುವುದಿಲ್ಲ, ಜೊಲ್ಲಿನ ಜೊತೆ ಬೆರೆತು ಬಾಯಲ್ಲಿ ದಪ್ಪ ಎನಿಸುತ್ತದೆ ಅಷ್ಟೆ. ಏಳು ಕಿಲೋ ಇಳಿದವರಿಗೆ ಆ ಪೋಷಣೆ ಬೇಕಿತ್ತು. ನಳಿಕೆಯಲ್ಲಿ ಕೊಟ್ಟೆವು, ಬಾಯಿಗೆ ಉಪ್ಪಿಲ್ಲದ, ಹುಳಿಯಿಲ್ಲದ ನೀರು ಮಜ್ಜಿಗೆ ಮಾತ್ರ. ನೀಲಗಿರಿ ಎಣ್ಣೆ ಹಾಕಿ ತಲೆಗೆ ಬಟ್ಟೆ ಹೊದ್ದು ಹಬೆ ತೆಗೆದುಕೊಳ್ಳುತ್ತಿದ್ದುದನ್ನು ನಿಲ್ಲಿಸಿದೆವು, ವಿಕಿರಣದಿಂದ ಎಳೆಚರ್ಮದಂತಾಗಿದ್ದ ಬಾಯಿಗೆ ಅದು ಉರಿಯುತ್ತಿತ್ತು. ಬದಲಿಗೆ ದಿನಕ್ಕೆ ಮೂರು ಸಲ, ಮುಖ್ಯವಾಗಿ ಮಲಗುವ ಮುನ್ನ, ದ್ರವವನ್ನು ಮಂಜಿನಂತೆ ಮಾಡಿ ಉಸಿರಿಗೆ ಕೊಡುವ ನೆಬುಲೈಸರಿನಲ್ಲಿ 0.9 ಶೇಕಡದ ಸಲೈನ್ (ಉಪ್ಪುನೀರು) ಕೊಡಿಸಿದೆವು. ಮಂಚದ ತಲೆಯ ಕಡೆ ಎತ್ತರಿಸಿ, ಒಂದು ಮಗ್ಗುಲಿಗೆ ಮಲಗಿಸಿದ್ದು ಕೂಡ ರಾತ್ರಿಯ ಉಸಿರುಕಟ್ಟುವಿಕೆಯನ್ನು ಕಡಿಮೆ ಮಾಡಿತು.

ಪಪಾಯಿ ಹಣ್ಣಿನ ರಸ ಲೋಳೆ ಕರಗಿಸುತ್ತದೆ ಎಂದು ಯಾರೋ ಹೇಳಿದ್ದರಿಂದ ಮನೆಯವರು ಅದನ್ನೂ ತಂದಿದ್ದರು. ಪಪಾಯಿಯಲ್ಲಿರುವ ಪಪೈನ್ ಪ್ರೋಟೀನನ್ನು ಕತ್ತರಿಸುತ್ತದೆ ಎಂಬುದು ನಿಜ, ಆದರೆ ಹಸಿ ಹುಣ್ಣಿರುವ ಬಾಯಿಗೆ ಅದನ್ನು ಹಚ್ಚಲು ನನಗೆ ಧೈರ್ಯ ಬರಲಿಲ್ಲ. ಹುಣ್ಣು ಮಾಯುವವರೆಗೆ ತಡೆದೆ. ಅನಾನಸ್ ಬೇಡವೇ ಬೇಡ ಎಂದೆ, ಅದರ ಹುಳಿಯೇ ಸಾಕು ಉರಿಸಲು. ಲೋಳೆಯನ್ನು ತೆಳ್ಳಗೆ ಮಾಡಲೆಂದು ಕೊಡುವ ಕಾರ್ಬೋಸಿಸ್ಟೀನ್ ಸಿರಪ್ಪನ್ನು ಎರಡು ವಾರ ಪ್ರಯತ್ನಿಸಿದೆವು. ಆ ದಿನಗಳಲ್ಲಿ ಎಳೆಗಳು ಗಿಡ್ಡವಾದವು, ಆದರೆ ನೀರು ಸರಿಯಾಗಿ ಹೋಗಲು ಆರಂಭವಾದದ್ದೂ ಆ ದಿನಗಳಲ್ಲೇ ಆದ್ದರಿಂದ ಅದರ ಕೀರ್ತಿಯನ್ನು ಸಿರಪ್ಪಿಗೆ ಕೊಡಲಾರೆ.

ನಡುವೆ ಒಂದು ಹಿನ್ನಡೆ

ಸುಧಾರಿಸುತ್ತಿದೆ ಎನ್ನುವಾಗ ಮೂರನೆಯ ವಾರದಲ್ಲಿ ಮತ್ತೆ ಉರಿ, ಮತ್ತೆ ಅಂಟು. ಮೇಲಂಗುಳದಲ್ಲಿ ಮೊಸರಿನ ಕೆನೆಯಂಥ ಬಿಳಿ ಪದರ ಕಂಡಿತು. ಒರೆಸಿದರೆ ಎದ್ದುಬಂದು ಅಡಿಯಲ್ಲಿ ಕೆಂಪು ಉಳಿಯುತ್ತಿತ್ತು. ಕ್ಯಾಂಡಿಡಾ ಶಿಲೀಂಧ್ರದ ಸೋಂಕು, ಜೊಲ್ಲಿನ ರಕ್ಷಣೆ ಇಲ್ಲದ ಬಾಯಲ್ಲಿ ತೀರ ಸಾಮಾನ್ಯ. ಚೀಪುವ ಮಾತ್ರೆ ಕೊಡುವ ರೂಢಿಯಿದೆ, ಆದರೆ ಅದು ಕರಗಲು ಜೊಲ್ಲೇ ಬೇಕು. ಇವರ ಬಾಯಲ್ಲಿ ಅದು ಕಲ್ಲಿನ ಹರಳಿನಂತೆ ಕೂರುತ್ತಿತ್ತು. ಕ್ಲೋಟ್ರಿಮಜೋಲ್ ಮೌತ್ ಪೇಂಟನ್ನು ಮುಕ್ಕಳಿಸಿದ ನಂತರ ಹಚ್ಚಿಸಿದೆ. ಎರಡು ವಾರದಲ್ಲಿ ಪದರ ಹೋಯಿತು.

ಫಲಿತಾಂಶ, ಮತ್ತು ನನ್ನ ಕ್ರಮದಲ್ಲಿ ಬದಲಾದದ್ದು

ಔಷಧಿಗಳನ್ನು ನಿಲ್ಲಿಸಿದ ನಾಲ್ಕನೆಯ ದಿನ ಅವರು ಮೊದಲ ಬಾರಿಗೆ ಮೂರು ಗಂಟೆ ಒಟ್ಟಿಗೆ ನಿದ್ದೆ ಮಾಡಿದರು. ಐದು ವಾರಗಳ ನಂತರ ನಳಿಕೆ ತೆಗೆದರು. ಚಿಕಿತ್ಸೆ ಮುಗಿದ ಮೂರನೆಯ ತಿಂಗಳ ಹೊತ್ತಿಗೆ ಡಬ್ಬಿ ಕೈಬಿಟ್ಟಿತ್ತು. ಅಂಟು ಹೋಗಿ, ನಾನು ಮೊದಲೇ ಹೇಳಿದ್ದ ಒಣಗುವಿಕೆ ಬಂದಿತ್ತು. ಐದನೆಯ ತಿಂಗಳಲ್ಲಿ 5 ನಿಮಿಷದ ಲೋಟದಲ್ಲಿ 0.9 ಗ್ರಾಂ ಸಿಕ್ಕಿತು. ಗ್ರಂಥಿಗಳನ್ನು ಪ್ರಚೋದಿಸುವ ಪೈಲೋಕಾರ್ಪಿನ್ ಬಗ್ಗೆ ಯೋಚಿಸಿದೆವು, ಆದರೆ ಅವರಿಗೆ ಹಳೆಯ ಉಬ್ಬಸವಿದ್ದುದರಿಂದ ಕೊಡಲಿಲ್ಲ. ಉಳಿದ ಹಲ್ಲುಗಳು ಹುಳುಕಾಗದಂತೆ ದಿನವೂ ರಾತ್ರಿ ಫ್ಲೋರೈಡ್ ಜೆಲ್ ಹಚ್ಚುತ್ತಾರೆ; ಇದು ಜೀವನಪೂರ್ತಿ ನಡೆಯಬೇಕಾದ ಕೆಲಸ. ಎಲೆಅಡಿಕೆ ಬಿಟ್ಟಿದ್ದಾರೆ. ಹೊಗೆಸೊಪ್ಪು ಸೇರದ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಅಡಿಕೆಯನ್ನೇ ನಂಬಿ ಬದುಕುವ ಮನೆಯಲ್ಲಿ ಈ ಮಾತನ್ನು ಆಡುವುದು ನನಗೆ ಸುಲಭವಾಗಿರಲಿಲ್ಲ.

ಈ ಪ್ರಕರಣದ ನಂತರ, ವಿಕಿರಣಕ್ಕೆ ಮೊದಲು ಹಲ್ಲು ತೋರಿಸಲು ಬರುವ ಪ್ರತಿಯೊಬ್ಬರಿಗೂ ಮೂರನೆಯ ವಾರದ ಅಂಟು ಜೊಲ್ಲಿನ ಬಗ್ಗೆ ಮೊದಲೇ ಹೇಳುತ್ತೇನೆ, ಅದು ಕಫವಲ್ಲ, ಅದಕ್ಕೆ ಕೆಮ್ಮಿನ ಸಿರಪ್ ಕೊಡಬೇಡಿ ಎಂದು ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದುಕೊಡುತ್ತೇನೆ, ಮತ್ತು ಅಂದೇ ಅವರ 5 ನಿಮಿಷದ ಲೋಟವನ್ನು ತೂಗಿ ಅಂಕಿಯನ್ನು ಅದೇ ಚೀಟಿಯ ಮೂಲೆಯಲ್ಲಿ ಗುರುತು ಹಾಕುತ್ತೇನೆ. ಈ ರೋಗಿಯ ವಿಷಯದಲ್ಲಿ ಹೋಲಿಸಿ ನೋಡಲು ನನ್ನ ಬಳಿ ಆ ಮೊದಲ ಅಂಕಿ ಇರಲಿಲ್ಲ; ಅವರ ಮಗನ ಲೋಟವನ್ನು ಪಕ್ಕದಲ್ಲಿಡಬೇಕಾಗಿ ಬಂದದ್ದು ಅದಕ್ಕೇ.